ಮಣ್ಣಿಗೆ ಸೇರದೆ ಉಳಿದದ್ದು

ಮೂರು ವರ್ಷದ ಹಿಂದೆ, ನೂರ್‌ಜಹಾನ್ ಖಾಲಾ ತೀರಿಕೊಂಡ ವಾರ ನಡೆದದ್ದು ಇದು.

ನಮ್ಮೂರು ಅಜ್ಜಂಪುರದಲ್ಲಿ, ನಾನು ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದ ಅವರು ನಮ್ಮ ಪಕ್ಕದ ಮನೆಯವರು, ಬ್ಲೌಸ್ ಹೊಲಿಯುತ್ತಿದ್ದರು. ಮಗಳು ಶಬಾನಾ ನನ್ನ ಜೊತೆ ಓದಿದವಳು. ಖಾಲಾಗೆ ಹೊಟ್ಟೆಯ ಕ್ಯಾನ್ಸರ್ ಬಂದು ದಾವಣಗೆರೆಯಲ್ಲಿ ಆಪರೇಷನ್ ಆಯಿತು. ಗಡ್ಡೆಯ ಒಂದು ಚೂರನ್ನು ಸಂಶೋಧನೆಗೆ ಕೊಡಲು ಅವರೇ ಸಹಿ ಹಾಕಿದರು. "ನಂಗೇ ಬ್ಯಾಡವಾದದ್ದು, ನೀವಾದ್ರೂ ಇಟ್ಕೊಳ್ರಿ" ಎಂದು ನಕ್ಕರಂತೆ. ಆ ನಗು ನಾನೇ ಕೇಳಿದ್ದೋ, ಶಬಾನಾ ಹೇಳಿದ್ದೋ, ಈಗ ಬೇರೆ ಮಾಡಲಾರೆ.

ನಾನು ದಾವಣಗೆರೆಯಲ್ಲೇ, ಆ ಆಸ್ಪತ್ರೆಯ ಮಾದರಿಗಳು ಬರುವ ಒಂದು ಪ್ರಯೋಗಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದೆ. ಜೀವಕೋಶದೊಳಗೆ ಮೈಕ್ರೋಆರ್‌ಎನ್‌ಎ ಎಂಬ ಪುಟ್ಟ ತುಣುಕುಗಳಿರುತ್ತವೆ. ಕೆಲವು ಜೀನ್‌ಗಳನ್ನು ಸುಮ್ಮನಿರಿಸುವುದು ಅವುಗಳ ಕೆಲಸ. ಅವುಗಳಲ್ಲಿ ಕೆಲವು ಕಡಿಮೆಯಾದರೆ ಕ್ಯಾನ್ಸರ್ ಕೋಶಗಳು ಜಾಗ ಬಿಟ್ಟು ಹರಡತೊಡಗುತ್ತವೆ. ಅದನ್ನು ನೋಡಲು, ತಟ್ಟೆಯ ತಳದಲ್ಲಿ ಹಾಸಿಕೊಂಡು ಬೆಳೆದ ಕೋಶಗಳ ನಡುವೆ ಒಂದು ಗೀರು ಎಳೆಯುತ್ತೇವೆ. ಎರಡೂ ದಡಗಳಿಂದ ಅವು ತೆವಳಿ ಬಂದು ಗೀರನ್ನು ಮುಚ್ಚುತ್ತವೆಯೇ ಎಂದು ಕಾಯುತ್ತೇವೆ. ಮಾದರಿಗಳಿಗೆ ಹೆಸರಿರುವುದಿಲ್ಲ, ಸಂಖ್ಯೆ ಮಾತ್ರ. ಬಂದ ದಿನ, ವಯಸ್ಸು ನೋಡಿ ಒಂದು ಮಾದರಿ ಖಾಲಾದೇ ಎಂದು ನನಗೆ ಅನಿಸಿತ್ತು.

ಶುಕ್ರವಾರ ಆ ಕೋಶಗಳ ಎರಡು ತಟ್ಟೆಗಳಲ್ಲಿ ಗೀರು ಎಳೆದೆ. ಒಂದಕ್ಕೆ ಮಾತ್ರ ಮೊದಲೇ ಮೈಕ್ರೋಆರ್‌ಎನ್‌ಎ ಸೇರಿಸಿದ್ದೆ. ಕೈಗವಸು ತೆಗೆಯುವಾಗ ಅಮ್ಮನ ಫೋನ್ ಬಂತು. ಖಾಲಾ ಹೋಗಿದ್ದರು.

ಭಾನುವಾರ ಜಿಯಾರತ್‌ಗೆ, ಅಂದರೆ ಮೂರನೇ ದಿನದ ಪ್ರಾರ್ಥನೆಗೆ, ಊರಿಗೆ ಹೋದೆ. ದೇಹದ ಯಾವ ಭಾಗವೂ ಮಣ್ಣಿನ ಹೊರಗೆ ಉಳಿಯಬಾರದೆಂದು ಆ ಮನೆಯವರ ನಂಬಿಕೆ. ಆಪರೇಷನ್‌ನಲ್ಲಿ ತೆಗೆದದ್ದನ್ನೂ ಆಸ್ಪತ್ರೆಯಲ್ಲಿ ಕೇಳಿ ತಂದು ಖಬರಸ್ತಾನದಲ್ಲಿ ಹೂತಿದ್ದರು. ಶಬಾನಾ ನನ್ನನ್ನು ಒಳಗೆ ಕರೆದಳು.

"ಅಮ್ಮೀದು ಎಲ್ಲಾ ಮಣ್ಣಿಗೆ ಸೇರ್ತು ತಾನೇ? ಆ ಚೂರು?"

"ಅದು ಯಾವತ್ತೋ ಸತ್ತೋಗಿರುತ್ತೆ ಕಣೇ" ಅಂದೆ.

ಅವಳು ನಂಬಿದಳು. ಮೂರು ದಿನದಲ್ಲಿ ಮೊದಲ ಸಲ ಊಟಕ್ಕೆ ಕೂತಳು.

ಸೋಮವಾರ ಬೆಳಿಗ್ಗೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟೆ. ಒಂದು ತಟ್ಟೆಯಲ್ಲಿ ಗೀರಿನ ಗುರುತೇ ಇರಲಿಲ್ಲ. ಮೈಕ್ರೋಆರ್‌ಎನ್‌ಎ ಸೇರಿಸಿದ ತಟ್ಟೆಯಲ್ಲಿ ಕೋಶಗಳು ದಡದಲ್ಲೇ ನಿಂತಿದ್ದವು. ನಾನು ಬಯಸಿದ್ದ ಫಲಿತಾಂಶವೇ. ಆದರೆ ಖಾಲಿ ನಡುವಿನಲ್ಲಿ ಒಂದೇ ಒಂದು ಕೋಶ, ಮೈ ಉದ್ದಕ್ಕೆ ಚಾಚಿ, ಎಲ್ಲಿಗೋ ಹೊರಟಂತಿತ್ತು. ಆಗಲೇ ಮಣ್ಣು ಸೇರಿದವರ ಮೈಯದು ಅದು.

ಮಧ್ಯಾಹ್ನ ಶಬಾನಾಗೆ ಫೋನ್ ಮಾಡಿ, ನಿನ್ನೆ ಹೇಳಿದ್ದು ಸುಳ್ಳು, ಅಮ್ಮಿಯದಿರಬಹುದಾದ ಕೋಶಗಳು ಬದುಕಿವೆ ಎಂದೆ. ಅವಳು ಬೈಯಲಿಲ್ಲ. ಅಮ್ಮಿಯೇ ಸಹಿ ಹಾಕಿದ್ದಾಳಲ್ಲ, ಇರಲಿ ಎಂದಳು. ಆಮೇಲೆ ಕೇಳಿದಳು.

"ಈಗ ಏನ್ ಮಾಡ್ತಾ ಐತೆ?"

"ಮುಂದಕ್ಕೆ ಹೋಗ್ತಾ ಐತೆ."

"ಯಾವ ಕಡೆಗೆ?"

ಖಾಲಿ ಜಾಗವಿದ್ದ ಕಡೆಗೆ ಎಂಬುದೇ ಸರಿಯಾದ ಉತ್ತರ. ನಾನು, ಊಟ ಮಾಡಿದೆಯಾ ಎಂದು ಕೇಳಿದೆ.

ಆ ತಟ್ಟೆಗಳು ಈಗಿಲ್ಲ. ಒಂದಿಷ್ಟು ಕೋಶಗಳು ಮಾತ್ರ ದ್ರವ ಸಾರಜನಕದ ಕೊರೆಯುವ ಚಳಿಯಲ್ಲಿವೆ, ಬದುಕಿಯೂ ಇಲ್ಲ, ಸತ್ತೂ ಇಲ್ಲ. ಹಬ್ಬಕ್ಕೆ ಫೋನ್ ಮಾಡಿದಾಗಲೆಲ್ಲ ಶಬಾನಾ ಮೊದಲು ಅಮ್ಮಿ ಹೇಗಿದ್ದಾಳೆ ಅನ್ನುತ್ತಾಳೆ, ಆಮೇಲೆ ನನ್ನನ್ನು ವಿಚಾರಿಸುತ್ತಾಳೆ. ಅದು ಖಾಲಾದೇ ಹೌದೋ ಅಲ್ಲವೋ ಇವತ್ತಿಗೂ ಗೊತ್ತಿಲ್ಲದ ನಾನು, ಚೆನ್ನಾಗಿದ್ದಾರೆ ಕಣೇ, ಅನ್ನುತ್ತೇನೆ.