ಜಡೆಗೆ ಬಂದ ಕೈ

ಭುಜ ಹಿಡಿದುಕೊಂಡು ಬಲಗೈ ಕಿವಿಯ ಮಟ್ಟಕ್ಕೂ ಏಳದೆ ಹೋದಾಗ ಯಜಮಾನರು ನನ್ನನ್ನು ಕೋಲಾರಕ್ಕೆ, ಫಿಸಿಯೋಥೆರಪಿಗೆ ಕರೆದುಕೊಂಡು ಹೋದರು. ಅಲ್ಲಿದ್ದ ಹುಡುಗಿ ಕೈಯನ್ನು ಮೇಲಕ್ಕೆ, ಪಕ್ಕಕ್ಕೆ, ಹಿಂದಕ್ಕೆ ಎತ್ತಿಸಿ, ನೋವು ಎಲ್ಲಿಂದ ಶುರುವಾಗುತ್ತದೆಂದು ನೋಡಿದಳು. ಆಮೇಲೆ ಕೇಳಿದಳು: "ಈ ಕೈಯಲ್ಲಿ ಮುಖ್ಯವಾಗಿ ಏನು ಮಾಡೋಕಾಗ್ಬೇಕು ಆಂಟಿ? ಅದನ್ನ ನೋಡ್ಕೊಂಡು ವ್ಯಾಯಾಮ ಕೊಡ್ತೀನಿ."

ನಾನು ಬಾಯಿ ತೆರೆಯುವಷ್ಟರಲ್ಲಿ ಇವರು ಹೇಳಿಬಿಟ್ಟರು. "ಆವಕಾಯಿ ಉಪ್ಪಿನಕಾಯಿ ಮೇಡಂ. ಯಲ್ದೂರಿಂದ ಮಾವಿನಕಾಯಿ ಮೂಟೆ ಬರುತ್ತೆ. ಹೆಚ್ಚೋದು, ಕಲಸೋದು, ಜಾಡಿಗೆ ತುಂಬೋದು ಎಲ್ಲಾ ಇವಳೇ. ನಮ್ಮಕ್ಕಂದಿರ ಮನೇಗೂ ಇಲ್ಲಿಂದಲೇ ಹೋಗ್ಬೇಕು."

ಅವಳು ತಲೆಯಾಡಿಸಿ, ಕೈಯನ್ನು ಕೆಳಕ್ಕೆ ಒತ್ತುವ, ಸುತ್ತಿಸುವ ವ್ಯಾಯಾಮ ಹೇಳಿಕೊಟ್ಟಳು. ನನಗೆ ಮೈಯೆಲ್ಲ ಉರಿಯಿತು. ನೋವು ನನ್ನದು, ಮಾತು ಇವರದು.

ನನಗೆ ಬೇಕಾಗಿದ್ದದ್ದು ಜಡೆ. ಮುಳಬಾಗಿಲಿನ ನಮ್ಮ ಮನೆಯಲ್ಲಿ ಹೆಂಗಸರು ತಲೆ ಬಾಚದೆ ಒಲೆಯ ಹತ್ತಿರ ಹೋಗುವಂತಿಲ್ಲ. ಕೈ ತಲೆಯ ಹಿಂದಕ್ಕೆ ಹೋಗದ ಕಾರಣ ಐವತ್ತು ದಾಟಿದ ನಾನು ದಿನಾ ಬೆಳಿಗ್ಗೆ ಅತ್ತೆಯ ಮುಂದೆ ನೆಲದ ಮೇಲೆ ಕೂರಬೇಕಿತ್ತು. ಅತ್ತೆ ಸಿಕ್ಕು ಬಿಡಿಸುವುದಿಲ್ಲ, ಕೀಳುತ್ತಾರೆ. "ಇಷ್ಟು ವಯಸ್ಸಾದ್ರೂ ನನ್ನ ಕೈಲೇ ಬಾಚಿಸ್ಕೋತೀಯಲ್ಲೇ" ಎಂದು ಬೀದಿಗೆ ಕೇಳಿಸುವಂತೆ ಹೇಳುತ್ತಾರೆ. ಆ ಬಾಚಣಿಗೆಯನ್ನು ಕಿತ್ತುಕೊಂಡು ಒಲೆಗೆ ಹಾಕಬೇಕೆನಿಸುತ್ತಿತ್ತು.

ಮುಂದಿನ ಸಲ ಇವರು ಹೊರಗೆ ಫೋನಿನಲ್ಲಿ ಮಾತಾಡುತ್ತಿದ್ದಾಗ ಹುಡುಗಿಗೆ ಹೇಳಿದೆ: "ನನ್ನ ಜಡೆ ನಾನೇ ಹಾಕ್ಕೋಬೇಕು. ಉಪ್ಪಿನಕಾಯಿ ಅಲ್ಲ."

"ಅವತ್ತೇ ಹೇಳ್ಬಾರ್ದಿತ್ತಾ ಆಂಟಿ?"

"ನೀನು ಕೇಳಿದ್ದು ಯಾರನ್ನಮ್ಮಾ, ಒಪ್ಕೊಂಡಿದ್ದು ಯಾರ ಮಾತನ್ನ?"

ಅವಳ ಮುಖ ಸಪ್ಪಗಾಯಿತು. ನಾನು ಸಮಾಧಾನ ಮಾಡಲಿಲ್ಲ. ಅವಳು ಭುಜವನ್ನು ಮೊದಲಿನಿಂದ ಪರೀಕ್ಷಿಸಿ ಬೇರೆಯದೇ ವ್ಯಾಯಾಮ ಕೊಟ್ಟಳು. ಬೆರಳುಗಳಿಂದ ಗೋಡೆ ಹತ್ತುವುದು, ಅಂಗಾತ ಮಲಗಿ ಕೈಗಳನ್ನು ತಲೆಯ ಹಿಂದೆ ಹೆಣೆದು ಮೊಣಕೈ ಇಳಿಬಿಡುವುದು. ಕಣ್ಣಲ್ಲಿ ನೀರು ಬರುತ್ತಿತ್ತು. ಅತ್ತೆಯ ಬಾಚಣಿಗೆ ನೆನೆಸಿಕೊಂಡರೆ ಮೊಣಕೈ ಇನ್ನಷ್ಟು ಇಳಿಯುತ್ತಿತ್ತು.

ಮಾವಿನಕಾಯಿ ಕಾಲ ಬಂತು. ಮೂಟೆ ಮನೆಗೆ ಬಂದ ಬೆಳಿಗ್ಗೆ ನಾನು ಕನ್ನಡಿಯ ಮುಂದೆ ನಿಂತು ಜಡೆ ಹೆಣೆಯುತ್ತಿದ್ದೆ. ಸೊಟ್ಟಗಿತ್ತು, ಇರಲಿ. ಅತ್ತೆ ಬಾಚಣಿಗೆ ಹಿಡಿದುಕೊಂಡು ಬಾಗಿಲಲ್ಲೇ ನಿಂತುಬಿಟ್ಟಿದ್ದರು. ಇವರು ಕಾಯಿ ಹೆಚ್ಚುವ ಕತ್ತಿ ತಂದು ನನ್ನ ಕಾಲ ಬಳಿ ಇಟ್ಟರು.

"ಕೈ ಬಂತಲ್ಲ. ಶುರು ಮಾಡು."

ನನ್ನ ಎರಡೂ ಕೈಗಳು ತಲೆಯ ಹಿಂದೆಯೇ ಇದ್ದವು.

"ಜಡೆಗೆ ಬಂದಿದೆ. ಉಪ್ಪಿನಕಾಯಿಗೆ ಇನ್ನೂ ಬಂದಿಲ್ಲ" ಎಂದೆ.