ಎರಡು ಹೊತ್ತಿನ ಹಾಜರಿ

ತರಗತಿ ಶುರುವಾಗುವ ಮುಂಚೆ ಹಲಗೆಯ ಎಡಮೂಲೆಯಲ್ಲಿ ಒಂದು ಇಂಗ್ಲಿಷ್ ಪದಜೋಡಿ ಬರೆಯುವುದು ನಾನು ನಿವೃತ್ತಿಯಾಗುವ ದಿನದವರೆಗೂ ತಪ್ಪಿಸದ ಕೆಲಸ. ಅಟೆಂಡ್ ಎ ಕ್ಲಾಸ್. ಮಿಸ್ ಎ ಕ್ಲಾಸ್. ಟೇಕ್ ನೋಟ್ಸ್. ಅರ್ಥ ಹೇಳಿ ಉರು ಹೊಡೆಸುತ್ತಿರಲಿಲ್ಲ. ಪ್ರತಿಯೊಬ್ಬರೂ ಆ ಜೋಡಿಯನ್ನಿಟ್ಟು ತಮ್ಮದೇ ಬದುಕಿನ ಬಗ್ಗೆ ಒಂದು ವಾಕ್ಯ ಬರೆಯಬೇಕಿತ್ತು. ಗೈಡಿನಿಂದ ಇಳಿಸಿದವರು ನಿಂತುಕೊಂಡು ಇನ್ನೊಂದು ಬರೆಯಬೇಕಿತ್ತು. ಆನೇಮಹಲ್ ದಾಟಿದ ಮೇಲೆ ಹೆದ್ದಾರಿಯ ಪಕ್ಕದಲ್ಲಿದ್ದ ನಮ್ಮ ಪ್ರೌಢಶಾಲೆಯಲ್ಲಿ ಮಕ್ಕಳು ನನ್ನನ್ನು ಗಡಿಯಾರ ಎಂದು ಕರೆಯುತ್ತಿದ್ದುದು ನನಗೆ ಗೊತ್ತಿತ್ತು. ಬೇಸರವೇನೂ ಇರಲಿಲ್ಲ.

ತೊಂಬತ್ತರ ದಶಕದ ನಡುವಿನ ಒಂದು ನವೆಂಬರಿನಲ್ಲಿ ಹಲಗೆಯ ಮೇಲಿದ್ದ ಜೋಡಿ ‘ಡ್ರಾಪ್ ಔಟ್ ಆಫ್ ಸ್ಕೂಲ್’. ಹತ್ತನೇ ತರಗತಿಯ ಒಬ್ಬಳು ಹುಡುಗಿ, ದೋಣಿಗಲ್ ಕಡೆಯ ಕಾಫಿ ಎಸ್ಟೇಟಿನ ಕೂಲಿ ಲೈನ್ ಮನೆಯವಳು, ನೀಟಾದ ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಬರೆದಿದ್ದಳು: ಕಾಫಿ ಹಣ್ಣಾಗಿದೆ, ಸೋಮವಾರದಿಂದ ನಾನು ಶಾಲೆ ಬಿಡುತ್ತೇನೆ. ವಾಕ್ಯದಲ್ಲಿ ಒಂದೂ ತಪ್ಪಿರಲಿಲ್ಲ. ಸರಿ ಗುರುತು ಹಾಕಿದೆ. ಹಾಕಿದ ಮೇಲೆ ಆ ಗುರುತನ್ನು ನೋಡಿ ನನಗೇ ಸಿಟ್ಟು ಬಂತು.

ಸೋಮವಾರ ಅವಳು ಬರಲಿಲ್ಲ. ವಾರ ಕಳೆದ ಮೇಲೆ ಮುಖ್ಯೋಪಾಧ್ಯಾಯರು ಕರೆದರು. ಅವರು ಕೆಟ್ಟವರಲ್ಲ, ಆ ವರ್ಷ ಎಸ್ಸೆಸ್ಸೆಲ್ಸಿಯಲ್ಲಿ ನೂರಕ್ಕೆ ನೂರು ಫಲಿತಾಂಶ ಬರಲೇಬೇಕೆಂದು ಪಟ್ಟು ಹಿಡಿದಿದ್ದರು. ಹುಡುಗಿ ಗಣಿತದಲ್ಲಿ ಹಿಂದೆ.

“ಅವ್ಳು ಬುಟ್ಟೋದ್ಲು ಅಂತ ಬರ್ದು ಹೆಸ್ರು ಹೊಡೆದಾಕ್ಬುಡಿ ಮೇಡಂ. ತಾನಾಗೇ ಹೋಗವ್ಳೆ, ನಮ್ದೇನೂ ತಪ್ಪಿಲ್ಲ.”

“ಹೋಗಿ ಕೇಳದೆ ನಾನು ಬರೆಯೋದಿಲ್ಲ ಸರ್.”

“ಗಣಿತದಾಗೆ ಫೇಲ್ ಆಗೇ ಆಗ್ತಾಳೆ ಕಣ್ರೀ. ಆಮೇಲೆ ರಿಸಲ್ಟ್ ಬೋರ್ಡ್ ಮುಂದೆ ನೀವು ನಿಂತ್ಕತೀರಾ?”

“ನಿಂತ್ಕೋತೀನಿ,” ಎಂದೆ.

ಆ ಭಾನುವಾರ ಬಸ್ ಹಿಡಿದು ದೋಣಿಗಲ್‌ನಲ್ಲಿ ಇಳಿದು ಎಸ್ಟೇಟಿಗೆ ನಡೆದೆ. ಹಣ್ಣಿನ ಕಾಲದಲ್ಲಿ ಅಲ್ಲಿ ಭಾನುವಾರವೂ ಕೆಲಸ. ಅವಳ ತಾಯಿ ಸೊಂಟಕ್ಕೆ ಚೀಲ ಕಟ್ಟಿಕೊಂಡು ಕೊಯ್ಯುತ್ತಿದ್ದರು. ಪಕ್ಕದ ಗಿಡದಲ್ಲಿ ಮಗಳು. ನನ್ನನ್ನು ಕಂಡು ಅವಳು ರೆಂಬೆ ಬಿಡದೆಯೇ ತಲೆ ತಗ್ಗಿಸಿದಳು.

“ಮೇಡಮ್ಮೋರೇ, ಈ ಹಣ್ಣು ಇವತ್ತು ಬುಟ್ರೆ ನಾಳೆ ನೆಲದ್ಮೇಲೆ ಇರ್ತೈತೆ,” ಎಂದರು ತಾಯಿ, ಕೈ ನಿಲ್ಲಿಸದೆ. “ನಿಮ್ ಇಂಗ್ಲಿಷೇನು ಉದುರೋಗಲ್ವಲ್ಲ.”

“ಮಾರ್ಚಿಗೆ ಪರೀಕ್ಷೆ. ಹಾಜರಿ ಸಾಲದಿದ್ರೆ ಕೂರಿಸೋದಿಲ್ಲ.”

“ಹಂಗಾರೆ ಅರ್ಧ ದಿನ ಕಳಿಸ್ತೀನಿ. ಮಧ್ಯಾಹ್ನದ ಮ್ಯಾಲೆ ನನ್ ಚೀಲಕ್ಕೇ ಕುಯ್ದಾಕ್ಲಿ.”

“ಶಾಲೆಯಲ್ಲಿ ಅರ್ಧ ದಿನ ಅಂತ ಇಲ್ಲ. ಬಂದರೆ ಪೂರ್ತಿ ಬರಬೇಕು.”

ಅವರು ಆಗ ಕೈ ನಿಲ್ಲಿಸಿದರು. “ನಮ್ ತೋಟದ ಲೆಕ್ಕ ಬರ್ಯೋ ರೈಟರು ಅಕ್ಷರ ಕಲ್ತಿರೋದು ಕಮ್ಮಿ. ಆದ್ರೂ ಅರ್ಧ ದಿನ ಬಂದೋರ್ಗೆ ಅರ್ಧ ಹಾಜ್ರಿ ಬರೀತಾರೆ. ಅಷ್ಟೊಂದು ಓದ್ಕಂಡಿರೋ ನಿಮ್ಗೆ ಬರಿಯಕ್ ಬರಲ್ವಾ?”

ಹುಡುಗಿ ಗಿಡದ ಹಿಂದೆ ನಕ್ಕಳು.

ಮರುದಿನ ಹಾಜರಿ ಪುಸ್ತಕ ತೆರೆದು ಕೂತೆ. ಪ್ರತಿ ದಿನಕ್ಕೂ ಎರಡು ಚೌಕ ಮನೆಗಳು: ಬೆಳಗಿನದೊಂದು, ಮಧ್ಯಾಹ್ನದ್ದೊಂದು. ಎರಡನ್ನೂ ಬೆಳಿಗ್ಗೆಯೇ ಒಟ್ಟಿಗೆ ತುಂಬುವುದು ನಮ್ಮ ಶಾಲೆಯ ರೂಢಿ. ಮಧ್ಯಾಹ್ನ ಯಾರಾದರೂ ಇಲ್ಲವೆಂದು ಕಂಡರೆ ಇಡೀ ದಿನಕ್ಕೆ ಗೈರು. ಶಿಸ್ತಿನವಳೆಂದು ಹೆಸರು ಮಾಡಿದ್ದ ನಾನು ಅಷ್ಟು ವರ್ಷ ಹಾಗೆಯೇ ಬರೆದಿದ್ದೆ. ಎರಡನೇ ಮನೆ ಯಾಕಿದೆ ಎಂದು ಒಂದು ದಿನವೂ ಕೇಳಿಕೊಂಡಿರಲಿಲ್ಲ.

ಬೆಳಿಗ್ಗೆ ಮಾತ್ರ ಬಂದರೂ ಸಾಕೆಂದು ತಾಯಿಗೆ ಹೇಳಿ ಕಳಿಸಿ, ಅಂದಿನಿಂದ ದಿನಕ್ಕೆ ಎರಡು ಸಲ ಹೆಸರು ಕೂಗಿದೆ. ಹುಡುಗಿ ಬೆಳಿಗ್ಗೆ ಬರುತ್ತಿದ್ದಳು, ಊಟದ ಗಂಟೆಗೆ ಬಸ್ ಹಿಡಿಯುತ್ತಿದ್ದಳು. ಬೆಳಗಿನ ಮನೆಯಲ್ಲಿ ಹಾಜರಿ, ಮಧ್ಯಾಹ್ನದ ಮನೆಯಲ್ಲಿ ಗೈರು. ಇಲ್ಲದ ಒಂದು ಗುರುತನ್ನೂ ಸೇರಿಸಲಿಲ್ಲ, ಇದ್ದುದನ್ನು ಬಿಡಲೂ ಇಲ್ಲ. ಎರಡು ದಿನ ತಡವಾಗಿ ಬಂದಾಗ ಬಾಗಿಲಲ್ಲೇ ನಿಲ್ಲಿಸಿದೆ. ಮುಖ್ಯೋಪಾಧ್ಯಾಯರು ಪುಸ್ತಕ ನೋಡಿ, “ಇದೇನ್ರೀ ಹೊಸ ಪದ್ಧತಿ?” ಎಂದರು. ಎರಡು ಹೊತ್ತಿಗೂ ಬೇರೆಬೇರೆಯಾಗಿ ಹಾಜರಿ ಹಾಕಬೇಕೆಂದು ಪುಸ್ತಕದ ಮೊದಲ ಪುಟದಲ್ಲಿ ಅಚ್ಚಾಗಿದ್ದ ಸೂಚನೆಯನ್ನು ಬೆರಳಿಟ್ಟು ತೋರಿಸಿದೆ. ಅವರು ಕನ್ನಡಕ ಏರಿಸಿ ಎರಡು ಸಲ ಓದಿದರು, ಪುಸ್ತಕ ಮುಚ್ಚಿ ವಾಪಸ್ ಕೊಟ್ಟರು. ಫೆಬ್ರವರಿಯಲ್ಲಿ ಕೂಡಿ ನೋಡಿದಾಗ ಹಾಜರಿ ಬೇಕಾದಷ್ಟಿತ್ತು. ಅವಳ ಪರೀಕ್ಷೆಯ ಪ್ರವೇಶಪತ್ರಕ್ಕೆ ಸಹಿ ಹಾಕದೆ ಅವರಿಗೆ ದಾರಿಯಿರಲಿಲ್ಲ.

ಹುಡುಗಿ ಪರೀಕ್ಷೆಗೆ ಕೂತಳು. ಗಣಿತದಲ್ಲಿ ಫೇಲಾದಳು. ಉಳಿದೆಲ್ಲದರಲ್ಲೂ ಪಾಸು.

ನೂರಕ್ಕೆ ನೂರು ತಪ್ಪಿತು. ಮಾತು ಕೊಟ್ಟಂತೆ ನಾನು ರಿಸಲ್ಟ್ ಬೋರ್ಡಿನ ಮುಂದೆ ನಿಂತೆ. ಮುಖ್ಯೋಪಾಧ್ಯಾಯರು ಪಕ್ಕದಲ್ಲೇ ನಿಂತು, “ಹೇಳಿದ್ನೋ ಇಲ್ವೋ? ಬರವಣಿಗೇಲಿ ಕಾರಣ ಕೊಡಿ,” ಎಂದರು.

ಅಲ್ಲೇ ಬಿಳಿ ಹಾಳೆಯಲ್ಲಿ ಬರೆದೆ: ವಿದ್ಯಾರ್ಥಿನಿ ತರಗತಿಗೆ ಬಂದಿದ್ದಾಳೆ, ಪರೀಕ್ಷೆಗೆ ಕೂತಿದ್ದಾಳೆ, ಒಂದು ವಿಷಯದಲ್ಲಿ ಅನುತ್ತೀರ್ಣಳಾಗಿದ್ದಾಳೆ. ಅಕ್ಟೋಬರಿನಲ್ಲಿ ಮತ್ತೆ ಕೂರುತ್ತಾಳೆ. ಶಾಲೆ ಬಿಟ್ಟಿಲ್ಲ.

ಅವರು ಓದಿ, “ಇದು ಕಾರಣವೇನ್ರೀ?” ಎಂದರು.

“ನನ್ನ ಹತ್ತಿರ ಇರೋದು ಇದೇ ಸರ್,” ಎಂದೆ. “ಗಣಿತದ ಮೇಷ್ಟ್ರು ಭಾನುವಾರ ಪಾಠ ಹೇಳೋಕೆ ಒಪ್ಪಿದ್ದಾರೆ. ತರಗತಿ ಕೋಣೆಯ ಬೀಗದ ಕೈ ಬೇಕು.”

ಅವರು ಹಾಳೆ ಮಡಚಿಕೊಂಡು ತಮ್ಮ ಕೋಣೆಗೆ ನಡೆದರು, ನಾನು ಹಿಂಬಾಲಿಸಿದೆ. ಮೇಜಿನ ಡ್ರಾಯರ್ ಎಳೆದು ಬೀಗದ ಕೈ ತೆಗೆದರು.