ಹಿಂದಕ್ಕೆ ಹೊಳ್ಳಿದ ಎಲೆ

ಆ ಹೂಗಳು ಕೆಂಪು ಎನ್ನುತ್ತಾಳೆ ಅವ್ವ. ನನ್ನ ನೆನಪಿನಲ್ಲಿ ಅವು ಹಳದಿ. ಬಣ್ಣವನ್ನೇ ಒಪ್ಪದ ಇಬ್ಬರು ಉಳಿದದ್ದನ್ನು ಹೇಗೆ ಖರೆ ಹೇಳುತ್ತೇವೋ ನನಗೆ ಗೊತ್ತಿಲ್ಲ. ಆದರೆ ಆ ದಿನದ ಒಂದು ಮಾತು ಮಾತ್ರ ನಮ್ಮಿಬ್ಬರಿಗೂ ಒಂದೇ ರೀತಿ ನೆನಪಿದೆ. ಅದಕ್ಕಾಗಿ ಬರೆಯುತ್ತಿದ್ದೇನೆ.

ಬನಹಟ್ಟಿಯ ನಮ್ಮ ಮನೆಯಲ್ಲಿ ಹೂ ಮಾಡುತ್ತಿದ್ದವಳು ಅಕ್ಕ. ಉಲ್ಲನ್ ದಾರದಲ್ಲಿ ಕ್ರೋಶಾ ಸೂಜಿಯಿಂದ ಎಸಳು ಹೆಣೆಯುವಳು, ತಂತಿಗೆ ಹಸಿರು ದಾರ ಸುತ್ತಿ ದೇಟು ಮಾಡುವಳು. ಎಲೆಯ ಅಂಚಿನೊಳಗೂ ಸಣ್ಣ ತಂತಿ ಸೇರಿಸಿ ಹೆಣೆಯುವಳು. ಆಗ ಎಲೆ ಬೇಕಾದ ಕಡೆ ಬಾಗುತ್ತದೆ. ಪ್ರತಿ ದೇಟಿನಲ್ಲೂ ಒಂದು ಎಲೆಯನ್ನು ಹಿಂದಕ್ಕೆ ಹೊಳ್ಳಿಸುವಳು. ಯಾಕೆಂದು ಕೇಳಿದರೆ, "ಎಲ್ಲಾ ಎಲಿ ಮುಂದ ನೋಡ್ತಾವೇನ, ಹುಚ್ಚಿ?" ಅನ್ನುವಳು.

ಹೆಣ್ಣು ನೋಡಲು ಬಂದವರು ಶೋಕೇಸನ್ನೂ ನೋಡುವುದು ನಮ್ಮ ಕಡೆ ರೂಢಿ. "ಹುಡುಗಿನ ಮಾಡ್ಯಾಳೇನ್ರಿ?" ಎಂದು ಅವರು ಕೇಳಬೇಕು, ಹೌದು ಎಂದು ನಾವು ಹೇಳಬೇಕು. ಬೀಳಗಿಯ ಕಾಕಾನ ಮಗಳಿಗೆ ಸೂಜಿ ಹಿಡಿಯಲು ಬಾರದು. ಅವಳನ್ನು ನೋಡಲು ಮುಧೋಳದಿಂದ ಬೀಗರು ಬರುವವರಿದ್ದಾಗ ಅವಳ ತಾಯಿ, ನಮ್ಮ ಚಿಗವ್ವ, ನಮ್ಮಲ್ಲಿಗೆ ಬಂದು, ಅಕ್ಕನ ಹೂದಾನಿಯನ್ನು ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದಳು. ಸಂಬಂಧ ಗಟ್ಟಿಯಾಯಿತು, ಹೂದಾನಿ ವಾಪಸ್ಸು ಬಂತು. ಅದರಲ್ಲಿ ಮೋಸವಿದೆ ಎಂದು ಯಾರಿಗೂ ಅನಿಸಲಿಲ್ಲ. ಲಗ್ನಕ್ಕೆ ಸರ ಎರವಲು ತರುವುದಿಲ್ಲವೇ, ಹಾಗೆ.

ಆ ನಿಶ್ಚಯದ ದಿನವೇ ಅಕ್ಕ ಅವನನ್ನು ನೋಡಿದ್ದು. ಕಾಕಾನ ಮಗಳ ಅತ್ತೆಯಾಗುವವಳಿಗೆ ಮುಧೋಳದಲ್ಲೇ ಒಬ್ಬ ತಂಗಿ, ಅವಳ ಮಗ. ದಾರ, ಗುಂಡಿ, ಲೇಸು ಮಾರುವ ಅಂಗಡಿ ಅವನದು. ಅವನು ಹೋಳಿಗೆ ಇನ್ನೊಂದು ಬೇಡಿದ್ದನ್ನು ಅಕ್ಕ ಬಸ್ಸಿನಲ್ಲಿ ದಾರಿಯುದ್ದಕ್ಕೂ ಹೇಳಿದಳು. ಅವರ ಕಡೆಯಿಂದಲೇ ಕೇಳಿಕೆ ಬಂದಾಗ ಶೋಕೇಸಿನ ಗಾಜನ್ನು ತಾನೇ ಒರೆಸಿ, ಹೂದಾನಿಯನ್ನು ನಟ್ಟನಡುವೆ ಇಟ್ಟಳು.

ಹುಡುಗನ ತಾಯಿ ಅವಲಕ್ಕಿ ತಟ್ಟೆ ಹಿಡಿದುಕೊಂಡೇ ಎದ್ದು ಶೋಕೇಸಿನ ಹತ್ತಿರ ಹೋದಳು. ಬೀಳಗಿಗೆ ಹೆಣ್ಣು ನೋಡಲು ಅವಳೂ ಹೋಗಿದ್ದಳು. ಅವ್ವನಿಗೆ ಅದು ಗೊತ್ತಿರಲಿಲ್ಲ, ಅಥವಾ ಮರೆತಿದ್ದಳು.

"ಇದು ಬೀಳಗಿ ಹುಡುಗಿ ಮಾಡಿದ್ದಲ್ರೀ? ಈ ಹೊಳ್ಳಿದ ಎಲಿ ನೋಡೇ ಗುರ್ತ ಹಿಡದ್ನಿ."

ತಟ್ಟೆ ಹಿಡಿದೇ ಅವ್ವನ ಕಡೆ ಹೊರಳಿದಳು.

"ಅಲ್ರೀ ಅಕ್ಕಾರ, ಅಕಿ ಹೂ ತಂದು ನಿಮ್ಮ ಮನ್ಯಾಗ ಇಟ್ಟೀರೇನು?" ಎಂದು ನಕ್ಕಳು. "ನಾಳೆ ರೊಟ್ಟಿನೂ ಅಕಿ ಕೈಲೇ ಬಡಸ್ತೀರೇನ?"

ಖರೆ ಹೇಳಿದರೆ ಬೀಳಗಿಯ ನಿಶ್ಚಯ ಮುರಿಯುತ್ತಿತ್ತು. ಲಗ್ನಪತ್ರಿಕೆಗಳು ಅಚ್ಚಾಗಿದ್ದವು. ಅವ್ವ ಅಕ್ಕನ ಕಡೆ ನೋಡಿದಳು.

"ಹೌದ್ರೀ," ಅಂದಳು ಅವ್ವ. "ಅಕಿನ ಮಾಡಿದ್ದು."

ನಮ್ಮಿಬ್ಬರಿಗೂ ಒಂದೇ ರೀತಿ ನೆನಪಿರುವ ಮಾತು ಇದು.

ಮುಂದಿನದನ್ನು ಮನೆಯಲ್ಲಿ ಚಂದ ಮಾಡಿ ಹೇಳುತ್ತಾರೆ. ಬೀಳಗಿಯ ತಂಗಿಯ ಬಾಳು ಹಾಳಾಗಬಾರದೆಂದು ಅಕ್ಕ ತಾನಾಗಿಯೇ ಸುಮ್ಮನಾದಳಂತೆ. ನಮ್ಮವರಷ್ಟೇ ಇದ್ದಾಗ ಚಿಗವ್ವ ಇದನ್ನು ಹೇಳಿ ಕಣ್ಣು ಒರೆಸಿಕೊಳ್ಳುತ್ತಾಳೆ. ನಾನು ಅಡಿಗೆಮನೆಯ ಹೊಸ್ತಿಲಲ್ಲಿ ಚಹಾ ಹಿಡಿದು ನಿಂತಿದ್ದೆ. ಅಕ್ಕನ ಬಾಯಿ ತೆರೆದಿತ್ತು. ಅವ್ವನ ಮಾತು ಮೊದಲು ಬಂತು, ಅಷ್ಟೇ. ದೊಡ್ಡ ಮನಸ್ಸನ್ನು ಆಮೇಲೆ ಅವಳಿಗೆ ಹೊದಿಸಿದವರು ನಾವು.

ಹುಡುಗನ ಕಡೆಯಿಂದ ಉತ್ತರ ಬರಲಿಲ್ಲ. ಹೂದಾನಿ ಮಾತ್ರ ಕಾಕಾನ ಮಗಳ ಸಾಮಾನಿನೊಂದಿಗೆ ಮುಧೋಳಕ್ಕೆ ಹೋಯಿತು, ಹೋಗದೆ ವಿಧಿಯಿರಲಿಲ್ಲ. ಅಕ್ಕನನ್ನು ಚಿಮ್ಮಡಕ್ಕೆ ಕೊಟ್ಟರು. ಒಕ್ಕಲುತನದ ಮನೆ, ಒಳ್ಳೆಯ ಜನ. ಶೋಕೇಸಿಲ್ಲ.

ಹೋದ ತಿಂಗಳು ಕಾಕಾನ ಮಗಳು ಅಕ್ಕನಿಗೆ ಫೋನು ಮಾಡಿದಳು. ಅವಳ ಮಗಳು ರೀಲ್ಸ್‌ನಲ್ಲಿ ಉಲ್ಲನ್ ಹೂವಿನ ಗುಚ್ಛ ನೋಡಿ, "ಮಮ್ಮಿ, ಶೋಕೇಸಿನ್ಯಾಗಿಂದು ನೀ ಮಾಡಿದ್ದಲ್ಲ? ನನಗೂ ಕಲಸು" ಎಂದು ಬೆನ್ನು ಹತ್ತಿದ್ದಳಂತೆ.

"ಒಂದ ದಿನ ಬಾರಕ್ಕಾ, ನನ್ನ ಮಾನ ಉಳಸು."

ನನಗೆ ಸಿಟ್ಟು ಬಂತು. ಅಕ್ಕ ಹೊರಟಳು, ನಾನೂ ಹೋದೆ.

ಹೂದಾನಿ ಶೋಕೇಸಿನಲ್ಲೇ ಇತ್ತು. ಹೊರಗಿನ ಎಸಳು ಬಿಳಿಚಿಕೊಂಡು ಯಾವ ಬಣ್ಣವೆಂದೇ ತಿಳಿಯದು. ಒಂದು ಹೂವಿನ ಒಳಗೆ ಬೆರಳಿಟ್ಟು ಬಿಡಿಸಿ ನೋಡಿದೆ: ಗುಲಾಬಿ. ಅವ್ವನೂ ತಪ್ಪು, ನಾನೂ ತಪ್ಪು.

ಮಗಳಿಲ್ಲದ ಹೊತ್ತು ನೋಡಿ, ಒಳಗಿನ ಕೋಣೆಯಲ್ಲಿ ಅಕ್ಕ ಕಾಕಾನ ಮಗಳಿಗೆ ಹೆಣೆದು ತೋರಿಸಿದಳು. ಕಳೆ ಕಿತ್ತು ಬೆರಳು ದಪ್ಪಗಾಗಿದ್ದವು, ಆದರೂ ದಾರ ಓಡಿತು. ಎಲೆಗಳನ್ನೆಲ್ಲ ನೆಟ್ಟಗೆ ಬಿಟ್ಟಿದ್ದಳು; ಬೇಕೆಂದೋ, ಇನ್ನೂ ಬಾಗಿಸಿರಲಿಲ್ಲವೋ ಹೇಳಲಾರೆ. ಅಷ್ಟರಲ್ಲಿ ಕಾಕಾನ ಮಗಳ ಅತ್ತೆ ಬಂದು, ಹೂವನ್ನು ಅಕ್ಕನ ಕೈಯಿಂದ ತೆಗೆದುಕೊಂಡು ಬೆಳಕಿಗೆ ಹಿಡಿದಳು.

"ಛಲೋ ಕಲಸೀದಿ ಬಿಡವಾ ನಿಮ್ಮಕ್ಕಗ," ಎಂದಳು ಸೊಸೆಗೆ. "ಎಲಿ ಹೊಳ್ಳಿಸೂದು ಮಾತ್ರ ನಿನ್ನಂಗ ಬಂದಿಲ್ಲ ಅಕಿಗೆ."

ಸೊಸೆ ಸೆರಗು ಸರಿ ಮಾಡಿಕೊಂಡಳು. ಅಕ್ಕ ಅತ್ತೆಯಿಂದ ಹೂವನ್ನು ಇಸಿದುಕೊಂಡು ಸೊಸೆಯ ಮುಂದೆ ಚಾಚಿದಳು.

"ಹೊಳ್ಳಿಸಿ ತೋರಸವಾ. ಕಲೀತೀನಿ."

ಅವಳ ಕೈಯಲ್ಲಿ ದಾರ ಹರಿದು ತಂತಿ ಹೊರಬಂದೀತು ಎಂದು ನಾನು ಕಾದೆ. ಆದರೆ ಅವಳು ಲಗ್ನವಾದಂದಿನಿಂದ ಆ ಹೂಗಳ ಧೂಳು ಒರೆಸಿದವಳು. ಆ ಬಾಗು ಬೆರಳಿಗೆ ಗೊತ್ತಾಗಿಹೋಗಿತ್ತು. ಎಲೆಯನ್ನು ಹೆಬ್ಬೆರಳಿನಲ್ಲಿ ಒತ್ತಿ, ಬರೋಬ್ಬರಿ ಹೊಳ್ಳಿಸಿದಳು.

"ನೋಡಿದಿ ಇಲ್ಲವಾ?" ಎಂದಳು ಅತ್ತೆ.

"ನೋಡಿದ್ನಿರಿ," ಎಂದಳು ಅಕ್ಕ.